ಕಲಬುರಗಿಯಲ್ಲಿ ಒಂದೇ ದಿನ ಇದ್ದರೆ ಕ್ಯಾರವಾನ್ ಊರೊಳಗೆ ತರಬೇಡಿ

ಕ್ಯಾರವಾನ್‌ನಲ್ಲಿ ಬರ್ತಿದ್ದೇವೆ, ಜೊತೆಗೆ ವಯಸ್ಸಾದವರಿದ್ದಾರೆ, ಕಲಬುರಗಿಯಲ್ಲಿ ಎಲ್ಲೆಲ್ಲಿ ಗಾಡಿ ನಿಲ್ಲಿಸಬಹುದು, ಅದೇ ದಿನ ಬೀದರ್ ಕೂಡ ಆಗುತ್ತಾ ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿಕೊಂಡು ಹೊರಟಿದ್ದೆ. ಹುಟ್ಟಿದ್ದು ಕಲಬುರಗಿಯಲ್ಲಿ, ಈಗ ಇರೋದು ಬೆಂಗಳೂರಲ್ಲಿ. ಬಾಡಿಗೆ ಕ್ಯಾರವಾನ್, ಅಮ್ಮ, ಹೆಂಡತಿ, ಮಕ್ಕಳು. ಏಪ್ರಿಲ್ ತಿಂಗಳು ಬೇರೆ.

ಅಮ್ಮನಿಗೆ ಮಂಡಿನೋವು. ಕೋಟೆ ಬಾಗಿಲ ತನಕ ಗಾಡಿ ಒಯ್ದರೆ ಅವರು ನಡೆಯೋದು ತಪ್ಪುತ್ತೆ ಅಂದುಕೊಂಡೆ. ದಿನ ಕೆಟ್ಟಿದ್ದು ಅಲ್ಲೇ. ಗಾಡಿಯನ್ನು ರಿಂಗ್ ರೋಡ್ ಹತ್ತಿರ ಬಿಟ್ಟಿದ್ದರೆ ಮುಗೀತಿತ್ತು, ನಾನು ಸೂಪರ್ ಮಾರ್ಕೆಟ್ ಅನ್ನೋ ಪೇಟೆ ಪ್ರದೇಶದ ಕಡೆಯಿಂದ ಒಳಗೆ ನುಗ್ಗಿಸಿದೆ. ಅಗಲ ಅಂಥ ಸಮಸ್ಯೆಯಲ್ಲ, ನಮ್ಮೂರಲ್ಲಿ ಬಸ್ಸುಗಳೂ ಓಡಾಡುತ್ತವೆ. ಸಮಸ್ಯೆ ಎತ್ತರದ್ದು. ಮೇಲೆ ಎಸಿ ಪೆಟ್ಟಿಗೆ ಇರುತ್ತೆ, ಡ್ರೈವರ್ ಸೀಟಿನಿಂದ ಅದು ಕಾಣಲ್ಲ. ದೊಡ್ಡ ರಸ್ತೆ ಬಿಟ್ಟು ಓಣಿಗೆ ತಿರುಗಿದಿರೋ, ಮನೆಯಿಂದ ಮನೆಗೆ ಎಳೆದ ಕೇಬಲ್ ವೈರು ಜೋತು ಬಿದ್ದಿರುತ್ತೆ. ಒಂದು ವೈರು ಆ ಪೆಟ್ಟಿಗೆಗೆ ಸಿಕ್ಕಿಕೊಂಡಿತು. ನನಗೆ ಗೊತ್ತಾಗಲಿಲ್ಲ, ಮುಂದಕ್ಕೆ ಎಳೆದೆ, ಕವರ್ ಸೀಳಿತು. ಹಿಂದಕ್ಕೆ ತಗೊಳ್ಳೋಣ ಅಂದ್ರೆ ಹಿಂದಿನ ಚಕ್ರದಿಂದಾಚೆ ಬಾಡಿ ಉದ್ದಕ್ಕೆ ಚಾಚಿರುತ್ತೆ. ಸ್ಟೇರಿಂಗ್ ತಿರುಗಿಸಿದ ಕಡೆಗೇ ಹಿಂಭಾಗ ಬೀಸುತ್ತೆ, ಅಲ್ಲಿ ಬೈಕುಗಳ ಸಾಲು. ಹಿಂದೆ ಆಟೋಗಳ ಹಾರ್ನ್. ಕೊನೆಗೆ ಒಬ್ಬ ಆಟೋದವನೇ ಇಳಿದು ಬಂದ. "ಇಷ್ಟ್ ದೊಡ್ಡ ಗಾಡಿ ಒಳಗ ಯಾಕ ತಂದ್ರಿ ಸರ್? ನಿಧಾನಕ್ಕ ಹಿಂದ ತಗೋರಿ, ನಾ ನೋಡ್ತೀನಿ" ಅಂದ. ಅಷ್ಟೊತ್ತು ಅಮ್ಮ ಕಾದ ಗಾಡಿಯೊಳಗೇ ಕೂತಿದ್ದರು. ಕವರಿನ ದುಡ್ಡು ಡೆಪಾಸಿಟ್‌ನಲ್ಲಿ ಹೋಯ್ತು, ಅದು ಹೋಗಲಿ, ಬೆಳಗಿನ ತಂಪು ಹೊತ್ತು ಪೂರಾ ಹೋಯ್ತು.

ಆಮೇಲೆ ಅದೇ ಆಟೋದವನು ಅಮ್ಮನನ್ನು ಕೋಟೆಯೊಳಗೆ ಜಾಮಾ ಮಸೀದಿ ಹತ್ತಿರವೇ ಇಳಿಸಿದ. ಹಾಗಾಗಿ "ಗಾಡಿ ಎಲ್ಲೆಲ್ಲಿ ನಿಲ್ಲಿಸಬಹುದು" ಅನ್ನೋ ಪ್ರಶ್ನೆಯನ್ನೇ ಬಿಡಿ. ರಿಂಗ್ ರೋಡ್ ಬದಿಯಲ್ಲಿ ದೊಡ್ಡ ಅಂಗಳ ಇರೋ ಲಾಡ್ಜ್ ನೋಡಿ, ಕೇಳಿಕೊಂಡು ಅಲ್ಲಿ ಬಿಡಿ, ದಿನಕ್ಕೆ ಒಂದು ಆಟೋ ಮಾತಾಡಿಕೊಳ್ಳಿ. ಕ್ಯಾರವಾನ್ ಮಲಗೋಕೆ, ಊರು ನೋಡೋಕೆ ಅಲ್ಲ.

ಮಸೀದಿಗೆ ಬೆಳಗ್ಗೆಯೇ ಹೋಗಿ. 1367ರದ್ದು. ಬೇರೆ ಮಸೀದಿಗಳಲ್ಲಿ ನಡುವೆ ಬಯಲು ಅಂಗಳ ಇರುತ್ತಲ್ಲ, ಇಲ್ಲಿ ಅದಿಲ್ಲ, ಇಡೀ ಜಾಗಕ್ಕೆ ಗುಮ್ಮಟಗಳ ಮಾಡು. ಬದಿಯ ಕಮಾನುಗಳು ತುಂಬಾ ಅಗಲ, ತುಂಬಾ ತಗ್ಗು. ಅಮ್ಮ ಒಂದು ಕಂಬದ ಬುಡದಲ್ಲಿ ಕಾಲು ಚಾಚಿ ಕೂತರು, ಹೊರಗೆ ಬೆಂಕಿ ಬಿಸಿಲು, ಒಳಗೆ ಕಲ್ಲು ತಣ್ಣಗಿತ್ತು. ಏಳೋಕೇ ಒಪ್ಪಲಿಲ್ಲ.

ಅಲ್ಲಿಂದ ಊರಿನ ಆಚೆ ಬದಿಗೆ ಹಫ್ತ್ ಗುಂಬಜ್, ಅಂದ್ರೆ ಬಹಮನಿ ಸುಲ್ತಾನರ ಗೋರಿಗಳು, ಪಕ್ಕದಲ್ಲೇ ಸೂಫಿ ಸಂತ ಖ್ವಾಜಾ ಬಂದೇ ನವಾಜ್ ದರ್ಗಾ. ಎರಡನ್ನೂ ಒಟ್ಟಿಗೆ ನೋಡಿ. ಹಫ್ತ್ ಗುಂಬಜ್‌ನಲ್ಲಿ ಗೋರಿ ಇರೋ ಸುಲ್ತಾನ ಫಿರೋಜ್ ಷಾನೇ ಖ್ವಾಜಾರನ್ನು ಇಲ್ಲಿ ಬರಮಾಡಿಕೊಂಡವನು, ಆಮೇಲೆ ಇಬ್ಬರಿಗೂ ಮನಸ್ತಾಪ, ಇಬ್ಬರೂ ತೀರಿಕೊಂಡಿದ್ದು 1422ರಲ್ಲೇ. ನಾವು ಹಫ್ತ್ ಗುಂಬಜ್ ನೋಡಲಾಗಲಿಲ್ಲ, ನನಗೆ ಈಗಲೂ ಹೊಟ್ಟೆ ಉರಿಯುತ್ತೆ. ಊಟ ಖಾನಾವಳಿಯಲ್ಲೇ ಮಾಡಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಸಂಜೆ ಶರಣಬಸವೇಶ್ವರ ಗುಡಿ, ಅಪ್ಪನ ಕೆರೆ. ಕ್ಯಾರವಾನ್ ಒಯ್ಯಲೇಬೇಕು ಅಂದ್ರೆ ಸೇಡಂ ರಸ್ತೆಯ ಬುದ್ಧ ವಿಹಾರಕ್ಕೆ ಒಯ್ಯಿರಿ, ಅದು ಊರ ಹೊರಗಿದೆ.

ಬೀದರ್ ಅದೇ ದಿನ ಬೇಡವೇ ಬೇಡ. ನೂರು ಕಿಲೋಮೀಟರಿಗೂ ಜಾಸ್ತಿ ದೂರ. ಫಿರೋಜ್ ಷಾನ ತಮ್ಮ ಅಹ್ಮದ್ ಷಾ ರಾಜಧಾನಿಯನ್ನು ಇಲ್ಲಿಂದ ಅಲ್ಲಿಗೆ ಒಯ್ದ. ಇಲ್ಲಿ ನೋಡಿದ್ದರ ಮುಂದಿನ ಕಥೆ ಅಲ್ಲಿದೆ, ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾಕ್ಕೇ ಅರ್ಧ ದಿನ ಬೇಕು. ಮರುದಿನ ಬೆಳಗ್ಗೆ ಬೇಗ ಹೊರಟು ಹುಮನಾಬಾದ್ ರಸ್ತೆ ಹಿಡಿಯಿರಿ, ದಾರಿಯಲ್ಲಿ ಕಮಲಾಪುರ ಸಿಗುತ್ತೆ. ಅಲ್ಲಿ ಕೆಂಪು ಬಾಳೆಹಣ್ಣು ಸಿಕ್ಕರೆ ಒಂದು ಚಿಪ್ಪು ತಗೊಳ್ಳಿ, ಮೆತ್ತಗಾಗಿರೋದನ್ನೇ ಆರಿಸಿ.