ನೀಲಿ ಪೆನ್ಸಿಲ್ ಗೆರೆ ಕಂಡರೆ ಅಳಿಸಬೇಡಿ

ಹಳೇ ಪತ್ರಿಕೆಗಳ ಚಿತ್ರಕಥೆ, ವ್ಯಂಗ್ಯಚಿತ್ರಗಳನ್ನು ಕೂಡಿಡುವ ಬಗ್ಗೆ ಹೋದ ತಿಂಗಳು ಇದೇ ಪುಟದಲ್ಲಿ ಎರಡು ಮಾತು ಬರೆದಿದ್ದೆ. ಅದಕ್ಕೆ ಬಂದ ಕಾಗದಗಳಲ್ಲಿ ಆರನ್ನು ಈ ಸಲ ಎತ್ತಿಕೊಂಡಿದ್ದೇನೆ. ಹೊಸ ಓದುಗರಿಗೆ ನನ್ನ ಬಗ್ಗೆ ಒಂದಿಷ್ಟು: 1969ರಲ್ಲಿ ಬೆಂಗಳೂರಿನ ಒಂದು ಪತ್ರಿಕೆಯ ಬ್ಲಾಕ್ ವಿಭಾಗಕ್ಕೆ ಸೇರಿದೆ. ಕಲಾವಿದರು ಬರೆದ ಚಿತ್ರವನ್ನು ದೊಡ್ಡ ಕ್ಯಾಮೆರಾದಲ್ಲಿ ತೆಗೆದು, ಸತುವಿನ ತಗಡಿನ ಮೇಲೆ ಆ್ಯಸಿಡ್‌ನಿಂದ ಕೊರೆದು, ಅಚ್ಚಿಗೆ ಕಳಿಸುವುದು ನಮ್ಮ ಕೆಲಸ. 31 ವರ್ಷ ಅದೇ ವಾಸನೆಯಲ್ಲಿ ಕಳೆದೆ. ಕೂಡಿಡುವ ಹುಚ್ಚು ಹಿಡಿದದ್ದೂ ಅಲ್ಲೇ.

ಅಜ್ಜನ ಮನೆಯ ಅಟ್ಟದಲ್ಲಿ ಒಂದು ಟ್ರಂಕ್ ಸಿಕ್ಕಿತು. ಒಳಗೆ ಫ್ಯಾಂಟಮ್ ಚಿತ್ರಕಥೆಯ ಕಟಿಂಗ್‌ಗಳನ್ನು ನೋಟ್‌ಬುಕ್ಕಿಗೆ ಮೈದಾ ಅಂಟಿನಿಂದ ಅಂಟಿಸಿದ್ದಾರೆ. ಇಲಸ್ಟ್ರೇಟೆಡ್ ವೀಕ್ಲಿ ಅನ್ನುವ ಇಂಗ್ಲಿಷ್ ವಾರಪತ್ರಿಕೆಯ ಬಿಡಿ ಹಾಳೆಗಳೂ ಇವೆ. ಮುಟ್ಟಿದರೆ ಮುರಿಯುತ್ತವೆ. ಲ್ಯಾಮಿನೇಟ್ ಮಾಡಿಸಲಾ?
— ತೀರ್ಥಹಳ್ಳಿಯ ಓದುಗರು

ಬೇಡ, ದಯವಿಟ್ಟು ಬೇಡ. ಬಿಸಿಗೆ ಕರಗಿದ ಪ್ಲಾಸ್ಟಿಕ್ ಕಾಗದದೊಳಕ್ಕೇ ಇಳಿದುಬಿಡುತ್ತದೆ. ಆಮೇಲೆ ಅದನ್ನು ಬಿಡಿಸುವುದು ಆಗದ ಮಾತು. ಒಳಗಿನ ಕಾಗದ ಮಾತ್ರ ತನ್ನ ಪಾಡಿಗೆ ಕಂದಾಗುತ್ತಲೇ ಹೋಗುತ್ತದೆ.

ಪತ್ರಿಕೆಯ ಕಾಗದ ಮರವನ್ನು ಅರೆದು ಮಾಡಿದ್ದು. ಮರದಲ್ಲಿರುವ ಲಿಗ್ನಿನ್ ಅದರಲ್ಲಿ ಹಾಗೇ ಉಳಿದಿರುತ್ತದೆ. ಬೆಳಕು, ಗಾಳಿ ತಗಲಿದ ಹಾಗೆ ಹಳದಿಯಾಗುತ್ತದೆ, ಹುಳಿ ಹುಟ್ಟುತ್ತದೆ, ಆ ಹುಳಿ ನಾರನ್ನು ಕಡಿಯುತ್ತದೆ. ಬೆಳಗ್ಗೆ ಓದಿ ಸಂಜೆ ಬೋಂಡಾ ಕಟ್ಟುವ ಕಾಗದ ಅದು. ಅರವತ್ತು ವರ್ಷ ಬಾಳಲಿ ಅಂತ ಯಾರೂ ಮಾಡಿದ್ದಲ್ಲ. ನಿಮ್ಮ ಅಜ್ಜ ಬಾಳಿಸಿದ್ದಾರೆ.

ಸೆಲ್ಲೋಟೇಪನ್ನೂ ಹತ್ತಿರ ತರಬೇಡಿ. 1974ರಲ್ಲಿ ನನ್ನ ಮಾಂಡ್ರೇಕ್ ಚಿತ್ರಕಥೆಯ ಕಟಿಂಗ್‌ಗಳ ಹರಿದ ಅಂಚಿಗೆ ನಾನೇ ಟೇಪ್ ಹಚ್ಚಿದೆ. ಹತ್ತು ವರ್ಷಕ್ಕೆ ಟೇಪ್ ಒಣಗಿ ಉದುರಿತು. ಅದರ ಅಂಟು ಜೇನಿನ ಬಣ್ಣದ ಪಟ್ಟಿಯಾಗಿ ಕಾಗದದಲ್ಲೇ ನಿಂತಿತು. ಒಂದು ಪಟ್ಟಿ ಮಾಂಡ್ರೇಕನ ಮುಖದ ಮೇಲೇ ಇದೆ. ನೋಡಿದಾಗಲೆಲ್ಲ ಹೊಟ್ಟೆ ಚುರುಕ್ ಅನ್ನುತ್ತದೆ.

ಮೊದಲು ಟ್ರಂಕನ್ನು ಅಟ್ಟದಿಂದ ಇಳಿಸಿ. ನಿಮ್ಮ ಕಡೆಯ ಮಳೆಗಾಲದಲ್ಲಿ ಬೂಷ್ಟು ಹಿಡಿಯಲು ಒಂದು ವಾರ ಸಾಕು. ಬಿಸಿಲಿಗೆ ಹಾಕಬೇಡಿ, ನೆರಳಲ್ಲಿ ಗಾಳಿಯಾಡಲಿ. ಬೂಷ್ಟಿದ್ದರೆ ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಂಡು, ಅಂಗಳದಲ್ಲಿ ಮೆತ್ತನೆ ಬ್ರಷ್‌ನಿಂದ ಒರೆಸಿ. ಬಿಡಿ ಹಾಳೆಗಳನ್ನು ಮಡಿಸದೆ ಪಾಲಿಯೆಸ್ಟರ್ ಕವರಿನಲ್ಲಿಡಿ. ಹೊಸ ಪ್ಲಾಸ್ಟಿಕ್ ವಾಸನೆ ಹೊಡೆಯುವ ಪಿವಿಸಿ ಕವರ್ ಬೇಡ, ಅದೂ ಹುಳಿ ಬಿಡುತ್ತದೆ. ಹಿಂದೆ ಆ್ಯಸಿಡ್ ಇಲ್ಲದ ರಟ್ಟು ಕೊಡಿ. ದಿನಾಂಕ, ಪತ್ರಿಕೆಯ ಹೆಸರನ್ನು ಕವರಿನ ಮೇಲೆ ಬರೆಯಿರಿ, ಹಾಳೆಯ ಮೇಲಲ್ಲ.

ನೋಟ್‌ಬುಕ್ಕಿನಿಂದ ಒಂದನ್ನೂ ಕೀಳಬೇಡಿ. ಮೈದಾ ಅಂಟು ಹುಳುವಿಗೆ ಊಟ ಅನ್ನುವುದು ನಿಜ, ಆಗಾಗ ತೆರೆದು ನೋಡುತ್ತಿರಿ. ಆದರೆ ಆ ನೋಟ್‌ಬುಕ್ ಈಗ ನಿಮ್ಮ ಅಜ್ಜ ಕಟ್ಟಿದ ಪುಸ್ತಕ. ಯಾವ ಕಂತಿನ ಪಕ್ಕ ಯಾವುದನ್ನು ಅಂಟಿಸಿದರು ಅನ್ನುವುದರಲ್ಲಿ ಅವರ ಓದು ಇದೆ. ತುಂಬಾ ಹಾಳಾದ ಪುಟಗಳಿದ್ದರೆ ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನ ಜೊತೆ ಸೇರಿ, ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನವರು ನಡೆಸುವ ಸಂರಕ್ಷಣಾ ಕೇಂದ್ರದವರನ್ನು ಕೇಳಿ.

ಇನ್ನೊಂದು ವಿಷಯ. ಲೀ ಫಾಕ್ ಬರೆದ ಫ್ಯಾಂಟಮ್ ಅಮೆರಿಕದ ಪತ್ರಿಕೆಗಳಲ್ಲಿ ಶುರುವಾದದ್ದು 1936ರ ಫೆಬ್ರವರಿ 17ಕ್ಕೆ, ಚಿತ್ರ ರೇ ಮೂರ್ ಅವರದು. ನಮ್ಮಲ್ಲಿ 1964ರಲ್ಲಿ ಇಂದ್ರಜಾಲ ಕಾಮಿಕ್ಸ್ ಅನ್ನುವ ಚಿತ್ರಕಥೆ ಪುಸ್ತಕಗಳ ಮಾಲೆ ಬಂದಾಗ, ಕಥೆಯಲ್ಲಿ ಫ್ಯಾಂಟಮ್ ಇರುವ ಕಾಡಿನ ನಾಡಿನ ಹೆಸರು ಬಂಗಾಳವನ್ನು ನೆನಪಿಸುತ್ತದೆ ಅಂತ ಅದನ್ನು ಡೆಂಕಾಲಿ ಮಾಡಿದರು. ಸಿಂಗ್ ಹೆಸರಿನ ಕಡಲ್ಗಳ್ಳರು ಸಿಂಗಾ ಆದರು. ಟ್ರಂಕಿನ ತಳದಲ್ಲಿ ಮುಖಪುಟ ಕಳೆದುಕೊಂಡ ಹಾಳೆ ಸಿಕ್ಕರೆ ಬಲೂನಿನೊಳಗೆ, ಅಂದರೆ ಪಾತ್ರಗಳ ಮಾತು ಬರೆಯುವ ಗುಳ್ಳೆಯೊಳಗೆ, ಡೆಂಕಾಲಿ ಅಂತಿದೆಯಾ ನೋಡಿ. ಇದ್ದರೆ ಅದು ನಮ್ಮಲ್ಲೇ ತಿದ್ದಿ ಅಚ್ಚು ಹಾಕಿದ್ದು.

ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ವ್ಯಂಗ್ಯಚಿತ್ರ ಕೊಂಡೆ. ಒರಿಜಿನಲ್ ಅಂದರು. ಗೊತ್ತು ಮಾಡಿಕೊಳ್ಳುವುದು ಹೇಗೆ? ಕಾಗದದ ಮೇಲೆ ನೀಲಿ ಪೆನ್ಸಿಲ್ ಗೀಚು, ಬಿಳಿ ಬಣ್ಣದ ಕಲೆ ಇದೆ. ಸ್ವಚ್ಛ ಮಾಡಿಸಿ ಫ್ರೇಮ್ ಹಾಕಿಸಬೇಕು ಅಂತಿದ್ದೇನೆ.
— ಹುಬ್ಬಳ್ಳಿಯ ಓದುಗರು

ನಿಮ್ಮ ಕಾಗದ ಓದುತ್ತಾ ನನಗೆ ಗಾಬರಿಯಾಯಿತು. ಅಳಿಸಿಲ್ಲ ತಾನೇ? ಆ ಗೀಚು, ಆ ಕಲೆಗಳೇ ನಿಮ್ಮ ಸಾಕ್ಷಿ.

ನಮ್ಮ ಕ್ಯಾಮೆರಾದ ಫಿಲ್ಮಿಗೆ ತಿಳಿನೀಲಿ ಬೇರೆ, ಬಿಳಿ ಕಾಗದ ಬೇರೆ ಅಲ್ಲ. ಎರಡೂ ಅದಕ್ಕೆ ಬಿಳಿಯೇ. ಹಾಗಾಗಿ ಕಲಾವಿದರು ಮೊದಲು ನೀಲಿ ಪೆನ್ಸಿಲ್‌ನಲ್ಲಿ ಹುಡುಕಾಡುತ್ತಿದ್ದರು. ತಲೆ ಎಲ್ಲಿ, ಕೈ ಎಲ್ಲಿ, ಮಾತಿಗೆ ಎಷ್ಟು ಜಾಗ. ಆಮೇಲೆ ಅದರ ಮೇಲೆ ಇಂಡಿಯನ್ ಇಂಕಿನಲ್ಲಿ ತಿದ್ದುತ್ತಿದ್ದರು. ನೀಲಿಯನ್ನು ಅಳಿಸುವ ಕೆಲಸ ಇರಲಿಲ್ಲ. ಅಚ್ಚಿನಲ್ಲಿ ಅದು ಬರುತ್ತಲೇ ಇರಲಿಲ್ಲ. ಗೆರೆ ತಪ್ಪಿದರೆ ಬಿಳಿ ಪೋಸ್ಟರ್ ಕಲರ್ ಹಚ್ಚಿ ಮೇಲೆ ಮತ್ತೆ ಬರೆಯುತ್ತಿದ್ದರು.

ಈಗ ಒಂದು ಭೂತಗನ್ನಡಿ ತಗೊಳ್ಳಿ. ಬೂದು ಬಣ್ಣದ ಜಾಗದಲ್ಲಿ ಸಾಲಾಗಿ ಸಣ್ಣ ದೊಡ್ಡ ಚುಕ್ಕಿ ಕಂಡರೆ ಬಹುಪಾಲು ಅದು ಅಚ್ಚು. ಬಹುಪಾಲು ಅಂದೆ, ಯಾಕೆಂದರೆ ಚುಕ್ಕಿ ಇರುವ ಪಾರದರ್ಶಕ ಹಾಳೆಯನ್ನು ಒರಿಜಿನಲ್ ಮೇಲೇ ಅಂಟಿಸಿ ಕತ್ತರಿಸುವ ಪದ್ಧತಿಯೂ ಇತ್ತು. ಅದಾದರೆ ಹಾಳೆಯ ಅಂಚು ಬೆರಳಿಗೆ ಸಿಗುತ್ತದೆ. ಬರೀ ಗೆರೆಯ ಚಿತ್ರವಾದರೆ ಅಚ್ಚಿನಲ್ಲೂ ಚುಕ್ಕಿ ಇರುವುದಿಲ್ಲ, ಇಲ್ಲಿ ಜಾಸ್ತಿ ಜನ ಮೋಸಹೋಗುತ್ತಾರೆ. ಆಗ ಚಿತ್ರವನ್ನು ಕಿಟಕಿಯ ಹತ್ತಿರ ಓರೆಯಾಗಿ ಹಿಡಿದು ಕಪ್ಪು ತುಂಬಿದ ಜಾಗ ನೋಡಿ. ಕೈಯಲ್ಲಿ ತುಂಬಿದ ಕಪ್ಪು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಬ್ರಷ್ ಹೋದ ದಾರಿ ಕಾಣುತ್ತದೆ. ಫೋಟೋಕಾಪಿಯ ಕಪ್ಪು ಒಂದೇ ಹೊಳಪು, ಸುತ್ತ ಧೂಳಿನಂಥ ಸಣ್ಣ ಚುಕ್ಕಿ. ಒರಿಜಿನಲ್ ಸಾಮಾನ್ಯವಾಗಿ ಅಚ್ಚಾದದ್ದಕ್ಕಿಂತ ದೊಡ್ಡದಿರುತ್ತದೆ, ಎಷ್ಟೋ ಸಲ ಎರಡರಷ್ಟು. ಚಿಕ್ಕದು ಮಾಡಿದಾಗ ಗೆರೆ ಚೊಕ್ಕಟವಾಗುತ್ತದೆ ಅನ್ನುವುದಕ್ಕೆ. ಅಂಚಿನಲ್ಲಿ "2 ಕಾಲಂ" ಅಂತಲೋ ಅಳತೆಯೋ ಬರೆದಿದ್ದರೆ ಅದು ನಮ್ಮಂಥವರಿಗೆ ಕೊಟ್ಟ ಸೂಚನೆ. ಹಿಂಬದಿಯಲ್ಲಿ ಕಚೇರಿಯ ಸೀಲು, ತಾರೀಕು ಹುಡುಕಿ.

ನನ್ನ ಹತ್ತಿರ 1973ರ ಒಂದು ಪಾಕೆಟ್ ಕಾರ್ಟೂನ್ ಇದೆ. ನಲ್ಲಿಯ ಮುಂದೆ ಕೊಡಗಳ ಸಾಲು, ಗಂಡ ಹೆಂಡತಿ ನಿಂತಿದ್ದಾರೆ. ಕೆಳಗಿನ ಮಾತಿನ ಮೇಲೆ ಒಂದು ಚೀಟಿ ಅಂಟಿಸಿ ಬೇರೆ ಮಾತು ಬರೆದಿದ್ದಾರೆ. ಬೆಳಕಿಗೆ ಹಿಡಿದರೆ ಹಳೇ ಮಾತು ಓದಬಹುದು. ಮೊದಲು ಗಂಡ ಮಾತಾಡುತ್ತಿದ್ದ. ಆಮೇಲೆ ಮಾತು ಹೆಂಡತಿಯ ಪಾಲಿಗೆ ಬಂದಿದೆ, ಅದಕ್ಕೆ ತಕ್ಕಂತೆ ಗಂಡನ ತೆರೆದ ಬಾಯನ್ನು ಬಿಳಿ ಬಣ್ಣದಿಂದ ಮುಚ್ಚಿದ್ದಾರೆ. ಪತ್ರಿಕೆ ಓದಿದ ಸಾವಿರಾರು ಜನಕ್ಕೆ ಇದು ಕಂಡಿಲ್ಲ. ಆ ಕಾಗದಕ್ಕೆ ಮಾತ್ರ ಗೊತ್ತು. ಬ್ಲಾಕ್ ಆದ ಮೇಲೆ ಒರಿಜಿನಲ್‌ಗಳು ತಿಂಗಳಿಗೊಮ್ಮೆ ರದ್ದಿಗೆ ಹೋಗುತ್ತಿದ್ದವು. ಇದನ್ನು ಕಲಾವಿದರನ್ನೇ ಕೇಳಿ ತಂದೆ. "ಇದನ್ನೇನು ಮಾಡ್ತೀಯಪ್ಪಾ" ಅಂದರು, ಕೊಟ್ಟರು. ಆಗ ಇನ್ನಷ್ಟು ಕೇಳಬೇಕಿತ್ತು.

ಫ್ರೇಮ್ ಹಾಕಿಸಿ, ತಪ್ಪಿಲ್ಲ. ಗಾಜು ಚಿತ್ರಕ್ಕೆ ತಗಲದಂತೆ ನಡುವೆ ಮೌಂಟ್ ಇರಲಿ. ಬಿಸಿಲು ಬೀಳುವ ಗೋಡೆ ಬೇಡ. ಬೆಂಗಳೂರಿಗೆ ಬಂದಾಗ ಎಂ.ಜಿ. ರಸ್ತೆಯ ಹತ್ತಿರ ಮಿಡ್‌ಫೋರ್ಡ್ ಗಾರ್ಡನ್‌ನಲ್ಲಿರುವ ವ್ಯಂಗ್ಯಚಿತ್ರ ಗ್ಯಾಲರಿಗೆ ಹೋಗಿ. ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆ 2007ರಲ್ಲಿ ತೆರೆದದ್ದು. ಹತ್ತು ಒರಿಜಿನಲ್ ಹತ್ತಿರದಿಂದ ನೋಡಿದರೆ ಕಣ್ಣು ತಾನಾಗಿ ಪಳಗುತ್ತದೆ.

ವಿದೇಶಿ ಚಿತ್ರಕಥೆಗಳ ಹಳೇ ಕನ್ನಡ ಅಚ್ಚುಗಳಲ್ಲಿ ಬಲೂನಿನೊಳಗೆ ಅಕ್ಷರ ಯಾಕೆ ಅಷ್ಟು ಕಿಕ್ಕಿರಿದಿರುತ್ತದೆ?
— ಕಲಾ ವಿದ್ಯಾರ್ಥಿನಿ, ಮಂಗಳೂರು

ಎಷ್ಟು ಚೆನ್ನಾಗಿ ಗಮನಿಸಿದ್ದೀಯಮ್ಮ! ಆ ಬಲೂನು ಇಂಗ್ಲಿಷಿಗೆ ಅಳೆದು ಬರೆದದ್ದು. ಅವರು ಬರೀ ದೊಡ್ಡಕ್ಷರಗಳಲ್ಲಿ ಬರೆಯುತ್ತಾರೆ. ಎಲ್ಲ ಒಂದೇ ಎತ್ತರ, ಸಾಲಿನ ಕೆಳಗೆ ಏನೂ ಇಳಿಯುವುದಿಲ್ಲ. ಹಾಗಾಗಿ ಸಾಲಿಗೆ ಸಾಲು ಒತ್ತಿ ಕೂರಿಸಬಹುದು. ನಮಗೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. "ರಾಷ್ಟ್ರ" ಅಂತ ಒಂದು ಪದ ಬಂದರೆ ಮುಗಿಯಿತು, ಕೆಳಗಿನ ಸಾಲಿನ ತಲೆ ಮುಟ್ಟುತ್ತದೆ. ನಮ್ಮಲ್ಲಿ ಅಕ್ಷರ ಬರೆಯುತ್ತಿದ್ದವರು ಇಂಗ್ಲಿಷ್ ಮಾತಿನ ಮೇಲೆ ಬಿಳಿ ಹಚ್ಚಿ, ಸಣ್ಣ ನಿಬ್ಬಿನಲ್ಲಿ ಕನ್ನಡ ತುಂಬುತ್ತಿದ್ದರು. ಅನುವಾದ ಮಾಡುವವರ ಹತ್ತಿರ ಎದ್ದು ಹೋಗಿ, "ಸ್ವಾಮಿ, ಇಲ್ಲಿ ಒತ್ತಿಲ್ಲದ ಪದ ಕೊಡಿ" ಅಂತ ಕೇಳುವುದನ್ನು ನಾನೇ ನೋಡಿದ್ದೇನೆ. "ತಕ್ಷಣ" ಹೋಗಿ "ಕೂಡಲೇ" ಬರುತ್ತಿತ್ತು. ಹಳೇ ಕನ್ನಡ ಕಂತುಗಳ ಮಾತು ಅಷ್ಟು ತಿಳಿಯಾಗಿರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ. ಆ ಅಕ್ಷರ ಬರೆದವರ ಹೆಸರು ಎಲ್ಲೂ ಅಚ್ಚಾಗಿಲ್ಲ. ಅಂಥ ಕಂತುಗಳು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳಲ್ಲೋ ರದ್ದಿಯಲ್ಲೋ ಕಂಡರೆ ಎತ್ತಿಡು. ಇಂಗ್ಲಿಷಿನದ್ದನ್ನು ಕೂಡಿಡುವವರು ಲೋಕದ ತುಂಬ ಇದ್ದಾರೆ. ಇದಕ್ಕೆ ನಾವೇ ಆಗಬೇಕು.

ನನ್ನ ಹತ್ತಿರ ಇರುವ ಒರಿಜಿನಲ್‌ಗಳನ್ನು ಸ್ಕ್ಯಾನ್ ಮಾಡಿ ಪುಸ್ತಕ ತರಬಹುದಾ?
— ಮೈಸೂರು

ಕಾಗದ ನಿಮ್ಮದು, ಅಚ್ಚು ಹಾಕುವ ಹಕ್ಕು ನಿಮ್ಮದಲ್ಲ. ನಮ್ಮ ಕಾನೂನಿನಲ್ಲಿ ಅದು ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಅವರ ಮನೆಯವರ ಹತ್ತಿರವೋ ಪತ್ರಿಕೆಯ ಹತ್ತಿರವೋ ಇರಬಹುದು, ಬರೆದು ಕೇಳಿ. ನಿಮ್ಮ ದಾಖಲೆಗೆ ಅಂತ ಸ್ಕ್ಯಾನ್ ಮಾತ್ರ ಇವತ್ತೇ ಮಾಡಿಟ್ಟುಕೊಳ್ಳಿ.

ಮಾವನವರು ಬಿಟ್ಟುಹೋದ 'ಕೊರವಂಜಿ'ಯ ಕೆಲವು ಸಂಚಿಕೆಗಳಿವೆ. ಆರ್.ಕೆ. ಲಕ್ಷ್ಮಣ್ ಚಿತ್ರಗಳಿರುವ ಪುಟ ಕತ್ತರಿಸಿ ಮಾರಿದರೆ ಒಳ್ಳೇ ಬೆಲೆ ಬರುತ್ತದೆ ಅನ್ನುತ್ತಾರೆ. ನಿಜವಾ?
— ತುಮಕೂರಿನ ಓದುಗರು

ಕತ್ತರಿ ಕೆಳಗಿಡಿ ಅಮ್ಮಾ. ರಾಶಿ ಅನ್ನುವ ಹೆಸರಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ ಅವರು 1942ರಲ್ಲಿ ಶುರು ಮಾಡಿದ ಹಾಸ್ಯಪತ್ರಿಕೆ ಅದು. ಮೈಸೂರಿನ ಹುಡುಗ ಲಕ್ಷ್ಮಣ್ 'ಕಾಮನ್ ಮ್ಯಾನ್' ಬರೆಯುವುದಕ್ಕೂ ಮುಂಚೆ ಅದಕ್ಕೆ ಚಿತ್ರ ಬರೆಯುತ್ತಿದ್ದರು. ಚಿತ್ರದ ಎದುರು ಪುಟದಲ್ಲಿ ಯಾವ ಹಾಸ್ಯ ಇತ್ತು, ಸುತ್ತ ಯಾವ ಜಾಹೀರಾತು ಇತ್ತು, ಅವೆಲ್ಲ ಸೇರಿ ಒಂದು ಸಂಚಿಕೆ. ಕತ್ತರಿಸಿದರೆ ಎರಡು ತುಂಡು ಕಾಗದ.

ಬೆಲೆಯ ಮಾತು. ಅಚ್ಚಾದದ್ದು ಎಷ್ಟೇ ಹಳತಾದರೂ ಅದರ ಅಣ್ಣ ತಮ್ಮಂದಿರು ಇನ್ನೆಲ್ಲೋ ಇರುತ್ತಾರೆ. ಒರಿಜಿನಲ್ ಒಂದೇ. 2021ರಲ್ಲಿ ಪ್ಯಾರಿಸ್‌ನ ಹರಾಜಿನಲ್ಲಿ ಟಿನ್‌ಟಿನ್ ಚಿತ್ರಕಥೆಯ ಕಲಾವಿದ ಹರ್ಜೆ 1936ರಲ್ಲಿ ಬರೆದ, ಬಳಸದೇ ಬಿಟ್ಟ ಒಂದು ಮುಖಪುಟದ ಚಿತ್ರಕ್ಕೆ ಸುಮಾರು 32 ಲಕ್ಷ ಯೂರೋ ಬಂತು. ಮಡಿಸಿಟ್ಟಿದ್ದ ಗುರುತು ಅದರ ಮೇಲೆ ಈಗಲೂ ಇದೆ. ಅಂಥ ಸುದ್ದಿ ಓದಿ ಜನ ಟ್ರಂಕ್ ತೆರೆಯುತ್ತಾರೆ, ಸಿಗದಿದ್ದಾಗ ಒಳಗಿದ್ದದ್ದನ್ನು ರದ್ದಿಗೆ ಹಾಕುತ್ತಾರೆ. ಇದು ನನಗೆ ತುಂಬಾ ನೋವು ಕೊಡುವ ಸಂಗತಿ. ಮನೆಯಲ್ಲಿ ಇಡಲಾಗದಿದ್ದರೆ ಇಡೀ ಸಂಚಿಕೆಗಳನ್ನು ಒಂದು ಒಳ್ಳೇ ಗ್ರಂಥಾಲಯಕ್ಕೆ ಕೊಡಿ, ತಗೊಂಡದ್ದಕ್ಕೆ ಬರಹದಲ್ಲಿ ರಸೀದಿ ಪಡೆಯಿರಿ. ಬೆಂಗಳೂರಿನಲ್ಲಿ ವ್ಯಂಗ್ಯಚಿತ್ರ ಬರೆಯುತ್ತಿದ್ದ ಮಾಯಾ ಕಾಮತ್ 2001ರಲ್ಲಿ ತೀರಿಕೊಂಡರು. ಅವರ ಚಿತ್ರಗಳು ಮಹಿಳೆಯರ ಬಗೆಗಿನ ದಾಖಲೆ ಕೂಡಿಡುವ ಮುಂಬೈನ ಸ್ಪ್ಯಾರೋ ಸಂಗ್ರಹದಲ್ಲಿ ಉಳಿದಿವೆ, ಓದುವವರಿಗೆ ಸಿಗುತ್ತವೆ.

ಮಗ ಅಮೆರಿಕದ ಕೊಲಂಬಸ್‌ನಲ್ಲಿದ್ದಾನೆ, ಬರುವ ತಿಂಗಳು ಹೋಗುತ್ತಿದ್ದೇನೆ. ಅಲ್ಲಿ ನೋಡುವಂಥದ್ದು ಏನಾದರೂ ಇದೆಯಾ?
— ದಾವಣಗೆರೆಯ ನಿವೃತ್ತ ಮೇಷ್ಟ್ರು

ಮೇಷ್ಟ್ರೇ, ನೀವು ಹೋಗುತ್ತಿರುವುದು ಸರಿಯಾದ ಊರಿಗೇ! ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಬಿಲ್ಲಿ ಐರ್ಲೆಂಡ್ ಕಾರ್ಟೂನ್ ಗ್ರಂಥಾಲಯ ಅಲ್ಲೇ ಇದೆ. ಚಿತ್ರಕಥೆಗಳ ಕಲಾವಿದ ಮಿಲ್ಟನ್ ಕ್ಯಾನಿಫ್ ತಮ್ಮ ಚಿತ್ರ, ಕಾಗದ ಪತ್ರಗಳನ್ನು ಕೊಟ್ಟದ್ದರಿಂದ 1977ರಲ್ಲಿ ಶುರುವಾದದ್ದು.

ಅಲ್ಲಿಗೆ ಹೋಗುವ ಮುಂಚೆ ಬಿಲ್ ಬ್ಲ್ಯಾಕ್‌ಬಿಯರ್ಡ್ ಅನ್ನುವವರ ಕಥೆ ತಿಳಿದಿರಲಿ. ಅಮೆರಿಕದ ಗ್ರಂಥಾಲಯಗಳು ಹಳೇ ಪತ್ರಿಕೆಗಳನ್ನು ಮೈಕ್ರೋಫಿಲ್ಮ್ ಮಾಡಿ, ಕಾಗದವನ್ನು ಬಿಸಾಡುತ್ತಿದ್ದ ಕಾಲ. ಮೈಕ್ರೋಫಿಲ್ಮ್ ಕಪ್ಪು ಬಿಳುಪು. ಭಾನುವಾರದ ಬಣ್ಣದ ಚಿತ್ರಕಥೆಗಳು ಅದರಲ್ಲಿ ಬೂದಿಯ ಹಾಗೆ ಕಾಣುತ್ತವೆ. ಬ್ಲ್ಯಾಕ್‌ಬಿಯರ್ಡ್ ಆ ಕಟ್ಟುಗಳನ್ನು ಕೇಳಿದರು. ಒಬ್ಬ ವ್ಯಕ್ತಿಗೆ ಕೊಡಲಾಗದು ಅಂದರು. ಸರಿ, 1968ರಲ್ಲಿ ಸ್ಯಾನ್‌ ಫ್ರಾನ್ಸಿಸ್ಕೋದ ತಮ್ಮ ಮನೆಯಲ್ಲೇ ಒಂದು ಸಂಸ್ಥೆ ನೋಂದಾಯಿಸಿ ತಂದರು. ಮೂವತ್ತು ವರ್ಷ ಕೂತು ಕತ್ತರಿಸಿ, ಜೋಡಿಸಿ, ಸುಮಾರು 25 ಲಕ್ಷ ಕಟಿಂಗ್ ಮಾಡಿದರು. 1998ರಲ್ಲಿ ಅದೆಲ್ಲ ಆರು ದೊಡ್ಡ ಲಾರಿಗಳಲ್ಲಿ ಕೊಲಂಬಸ್‌ಗೆ ಹೋಯಿತು, 75 ಟನ್. ಕತ್ತರಿಸಬೇಡಿ ಅಂತ ಮೇಲೆ ಬರೆದವನೇ ಇದನ್ನು ಹೊಗಳುತ್ತಿದ್ದೇನೆ, ನಿಜ. ಅವರು ಕತ್ತರಿಸದಿದ್ದರೆ ಆ ಪುಟಗಳು ಗುಜರಿಗೆ ಹೋಗುತ್ತಿದ್ದವು.

ಗ್ಯಾಲರಿ ನೋಡಿ ಬಂದುಬಿಡಬೇಡಿ. ಓದುವ ಕೋಣೆ ಬೇರೆ ಇದೆ. ಬೇಕಾದದ್ದನ್ನು ಮೊದಲೇ ತಿಳಿಸಲು ಮಗನಿಗೆ ಹೇಳಿ. ವಿನ್ಸರ್ ಮೆಕೇ ಅವರ 'ಲಿಟಲ್ ನೆಮೋ' ಕೇಳಿ, 1905ರ ಅಕ್ಟೋಬರ್ 15ರಿಂದ ನ್ಯೂಯಾರ್ಕ್ ಹೆರಾಲ್ಡ್‌ನಲ್ಲಿ ಬಂದದ್ದು. ಒಂದು ಕಂತಿಗೆ ಪತ್ರಿಕೆಯ ಇಡೀ ಪುಟ. ನಾನು ಅದನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದೇನೆ. ಪುಟ ಕೈಗೆ ಬಂದಾಗ ಹುಡುಗನ ಮಂಚದ ಅಂಚನ್ನು ಹತ್ತಿರದಿಂದ ನೋಡಿ. ಕಪ್ಪು ಗೆರೆಯ ಒಳಗೇ ಬಣ್ಣ ನಿಂತಿದೆಯಾ, ಸ್ವಲ್ಪ ಆಚೆ ಸರಿದಿದೆಯಾ, ನನಗೆ ಒಂದು ಕಾರ್ಡು ಬರೆಯಿರಿ. ಆ ಕಾಲದ ಬ್ಲಾಕಿನವರ ಕೈ ಎಷ್ಟು ಗಟ್ಟಿ ಇತ್ತು ಅಂತ ನನಗೆ ಗೊತ್ತಾಗಬೇಕು.