ಫುಟಿಯಲ್ಲಿ (ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್) ಮಗನ ಸೆಟ್ ಶಾಟ್ ಪದೇ ಪದೇ ಬಲಕ್ಕೆ ಹೋಗುತ್ತಿದೆ, ಹೇಗೆ ಸರಿಮಾಡುವುದು?

ನೀವು ಕೇಳಿದ್ದು ಇಷ್ಟು: ಮೆಲ್ಬರ್ನ್‌ನಲ್ಲಿದ್ದೀರಿ, ಮಗನಿಗೆ 15 ವರ್ಷ, ಬಲಗಾಲಿನವನು, ಕ್ಲಬ್ ತಂಡದಲ್ಲಿ ಫಾರ್ವರ್ಡ್. ಮಾರ್ಕ್ (ಕ್ಯಾಚ್) ಚೆನ್ನಾಗಿ ಹಿಡಿಯುತ್ತಾನೆ. ಆದರೆ 30 ಮೀಟರ್‌ನಲ್ಲಿ ಗೋಲಿನ ಎದುರಿಗೇ ನಿಂತು ಒದ್ದರೂ ಚೆಂಡು ಬಲಗಡೆ ಹೋಗಿ, ಗೋಲು ತಪ್ಪಿ ಬಿಹೈಂಡ್ ಆಗುತ್ತದೆ. ಅಪರೂಪಕ್ಕೆ ಎಡಕ್ಕೂ ಎಳೆಯುತ್ತದೆ. ಕಾಲು ನೇರವಾಗಿ ಬೀಸು ಅಂತ ಎಷ್ಟು ಹೇಳಿದರೂ ಸರಿಹೋಗುತ್ತಿಲ್ಲ.

ನಾನು ಇದೇ ಊರಿನ ಪಶ್ಚಿಮದ ಬಡಾವಣೆಯೊಂದರಲ್ಲಿ ಜೂನಿಯರ್ ತಂಡದ ಮಕ್ಕಳಿಗೆ ಕಿಕ್ ಹೇಳಿಕೊಡಲು ನೆರವಾಗುತ್ತೇನೆ. ನಿಮ್ಮ ಮಗನ ಥರದ ಹುಡುಗರು ಪ್ರತಿ ಸೀಸನ್ನಿನಲ್ಲೂ ಸಿಗುತ್ತಾರೆ. ಅವರ ವಿಷಯದಲ್ಲಿ ನಾನು ಮೊದಲು ಹೇಳುವುದು ಒಂದೇ ಮಾತು. ಕಾಲನ್ನು ಸದ್ಯಕ್ಕೆ ಬಿಡಿ, ಕೈ ನೋಡಿ.

ಸಾಕರ್‌ನಲ್ಲಿ ಚೆಂಡು ನೆಲದ ಮೇಲೆ ಸುಮ್ನೆ ಕೂತಿರುತ್ತದೆ. ಫುಟಿಯಲ್ಲಿ ಹಾಗಲ್ಲ. ಮೊಟ್ಟೆಯಾಕಾರದ ಚೆಂಡನ್ನು ಆಟಗಾರ ತಾನೇ ಓಡುತ್ತಾ ಓಡುತ್ತಾ ತನ್ನ ಪಾದದ ಮೇಲೆ ಬೀಳಿಸಿಕೊಳ್ಳಬೇಕು. ಕೈಯಿಂದ ಬಿಟ್ಟ ಮೇಲೆ ಪಾದಕ್ಕೆ ತಗಲುವ ತನಕ ಅದನ್ನು ಸರಿಮಾಡಲು ಸಮಯವೇ ಇರುವುದಿಲ್ಲ. ಚೆಂಡು ಎಲ್ಲಿ ಬೀಳುತ್ತದೋ ಕಾಲು ಅಲ್ಲಿಗೇ ಹೋಗಬೇಕು. ಚೆಂಡು ಹೊರಗೆ ಬಿದ್ದರೆ ಕಾಲು ಹೊರಗೆ ಹೋಗುತ್ತದೆ, ಒಳಗೆ ಬಿದ್ದರೆ ದೇಹಕ್ಕೆ ಅಡ್ಡವಾಗಿ ಬೀಸುತ್ತದೆ. ಹೀಗಿರುವಾಗ "ಕಾಲು ನೇರ ಬೀಸು" ಅಂದರೆ ಆ ಹುಡುಗ ಏನು ಮಾಡಿಯಾನು? ಅವನ ಕಾಲು ಕೈ ಮಾಡಿದ ತಪ್ಪಿನ ಹಿಂದೆ ಓಡುತ್ತಿದೆ, ಅಷ್ಟೆ.

ಈ ಆಟ ನೋಡದವರೂ ಇದನ್ನು ಓದಬಹುದು, ಹಾಗಾಗಿ ಸ್ವಲ್ಪ ವಿವರಣೆ. ಮೈದಾನದ ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ, ಒಂದಕ್ಕೊಂದು 6.4 ಮೀಟರ್ ಅಂತರ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಹೋದರೆ ಗೋಲು, 6 ಅಂಕ. ಪಕ್ಕದ ಕಿಂಡಿಯಲ್ಲಿ ಹೋದರೆ ಬಿಹೈಂಡ್, 1 ಅಂಕ. ಒಬ್ಬರು ಒದ್ದ ಚೆಂಡು ಕನಿಷ್ಠ 15 ಮೀಟರ್ ದಾಟಿ ಬಂದಾಗ ಅದನ್ನು ನೇರವಾಗಿ ಕ್ಯಾಚ್ ಹಿಡಿದರೆ ಅದು ಮಾರ್ಕ್. ಆಗ ಯಾರ ಅಡ್ಡಿಯೂ ಇಲ್ಲದೆ ನಿಧಾನವಾಗಿ ಗೋಲಿಗೆ ಒದೆಯಬಹುದು, ಅದೇ ಸೆಟ್ ಶಾಟ್. ಹೀಗೆ ಪುರುಸೊತ್ತಿನಲ್ಲಿ ಒದ್ದದ್ದು ತಪ್ಪಿದರೆ ಹೊಟ್ಟೆ ಉರಿಯುತ್ತದೆ ನೋಡಿ. ಎಎಫ್‌ಎಲ್ ಅಂದರೆ ಇಲ್ಲಿನ ಅಗ್ರ ಫುಟಿ ಲೀಗ್, ಅದರ 2008ರ ಗ್ರ್ಯಾಂಡ್ ಫೈನಲ್‌ನಲ್ಲಿ ಜಿಲಾಂಗ್ ತಂಡ 11 ಗೋಲು, 23 ಬಿಹೈಂಡ್ ಹೊಡೆದು 89 ಅಂಕ ಗಳಿಸಿತು. ಹಾಥಾರ್ನ್ 18 ಗೋಲು, ಬರೀ 7 ಬಿಹೈಂಡ್, 115 ಅಂಕ. ಆ 23ರಲ್ಲಿ ಹಾಥಾರ್ನ್‌ನವರೇ ಬೇಕಂತ ಗೆರೆಯಾಚೆ ದಾಟಿಸಿದ್ದೂ ಸಾಕಷ್ಟಿದ್ದವು, ನಿಜ. ಆದರೂ ಆ ವರ್ಷದ ಲೀಗ್ ಹಂತದಲ್ಲಿ ಒಂದೇ ಒಂದು ಪಂದ್ಯ ಸೋತಿದ್ದ ತಂಡ ಜಾಸ್ತಿ ಸಲ ಗೋಲಿನ ಹತ್ತಿರ ಹೋಗಿಯೂ ಕಪ್ ಕಳೆದುಕೊಂಡಿತು.

ಈಗ ನಿಮ್ಮ ಮಗನ ವಿಷಯ. ಏನನ್ನೂ ಬದಲಿಸುವ ಮೊದಲು ಅವನ ಚೆಂಡು ಗಾಳಿಯಲ್ಲಿ ಹೇಗೆ ಸುತ್ತುತ್ತದೆ ಅಂತ ನೋಡಿ. ಡ್ರಾಪ್ ಪಂಟ್ (ಚೆಂಡನ್ನು ಕೈಯಿಂದ ಪಾದದ ಮೇಲೆ ಬಿಟ್ಟು ಒದೆಯುವ ಮಾಮೂಲಿ ಒದೆತ) ಸರಿಯಾಗಿ ಬಿದ್ದರೆ ಚೆಂಡು ತುದಿಯ ಮೇಲೆ ತುದಿ ಬರುವಂತೆ, ಒದೆದವನ ಕಡೆಗೆ ಹಿಂದಕ್ಕೆ ಉರುಳುತ್ತಾ ಹೋಗುತ್ತದೆ. ಹಿಂದೆ ನಿಂತು ನೋಡಿದರೆ ಆ ಸುತ್ತು ನೆಟ್ಟಗೆ ಕಾಣಬೇಕು. ಸುತ್ತು ನೆಟ್ಟಗಿದ್ದೂ ಬಲಕ್ಕೆ ಹೋದರೆ ತೊಂದರೆ ಓಟದ ದಿಕ್ಕಿನಲ್ಲಿ ಅಥವಾ ಸೊಂಟ ತಿರುಗಿರುವುದರಲ್ಲಿ ಇರುತ್ತದೆ. ಸುತ್ತು ಓರೆಯಾಗಿ, ಅಲ್ಲಾಡುತ್ತಾ ಹೋದರೆ ಚೆಂಡು ಪಾದಕ್ಕೆ ವಾಲಿಕೊಂಡು ತಗಲಿದೆ ಅಂತ ಅರ್ಥ, ಅಂದರೆ ತಪ್ಪು ಕೈಯದ್ದು. ಈ ಒಂದು ಪರೀಕ್ಷೆ ಮಾಡದೆ ಸಲಹೆ ಕೊಡುವವರನ್ನು ನಾನು ನಂಬುವುದಿಲ್ಲ. ನಿಮ್ಮ ಮಗನದ್ದು ಹೆಚ್ಚು ಸಲ ಬಲಕ್ಕೆ, ಅಪರೂಪಕ್ಕೆ ಎಡಕ್ಕೆ ಅಂದಿರಲ್ಲ, ಅದಕ್ಕೇ ನನಗೆ ಕೈ ಮೇಲೆ ಅನುಮಾನ.

ಹೆಚ್ಚಿನ ಮಕ್ಕಳಲ್ಲಿ ಆಗುವುದು ಇದು. ಓಡುವಾಗ ಚೆಂಡನ್ನು ಎದೆಯ ನಡುವೆ ಹಿಡಿದಿರುತ್ತಾರೆ. ಕೊನೆಯ ಹೆಜ್ಜೆಯಲ್ಲಿ ಅದನ್ನು ಬಲಗಾಲಿನ ಮೇಲೆ ತರಬೇಕಲ್ಲ, ಆಗ ಕೈ ಅರ್ಧಚಂದ್ರದ ಹಾಗೆ ಹೊರಗೆ ಬೀಸುತ್ತದೆ. ಚೆಂಡು ಬಿಟ್ಟ ಮೇಲೂ ಆ ಬೀಸು ಚೆಂಡಿನಲ್ಲಿ ಉಳಿದಿರುತ್ತದೆ, ಅದು ಬಲಕ್ಕೆ ಜಾರುತ್ತಲೇ ಬೀಳುತ್ತದೆ. ಪಾದ ಅದನ್ನು ಹುಡುಕಿಕೊಂಡು ಹೊರಗೆ ಹೋಗುತ್ತದೆ, ಸೊಂಟ ತೆರೆದುಕೊಳ್ಳುತ್ತದೆ, ಚೆಂಡು ಬಲಕ್ಕೆ. ಎರಡು ಸಲ ಹೀಗಾದ ಮೇಲೆ ಹುಡುಗ ಹೆದರಿ ಕಾಲನ್ನು ಬೇಕಂತಲೇ ಒಳಗೆ ಎಳೆಯುತ್ತಾನೆ. ಆಗ ಎಡಕ್ಕೆ. ನೋಡುವವರಿಗೆ ಎರಡು ತಪ್ಪು, ಮೂಲ ಒಂದೇ.

ಸರಿಮಾಡುವುದು ಹೀಗೆ. ರನ್-ಅಪ್ ಶುರುವಾಗುವ ಮೊದಲೇ ಚೆಂಡು ಬಲತೊಡೆಯ ನೇರಕ್ಕೆ ಇರಲಿ, ಎದೆಯ ನಡುವೆ ಬೇಡ. ಎರಡೂ ಕೈಯ ಬೆರಳುಗಳು ಚೆಂಡಿನ ಅಕ್ಕಪಕ್ಕ ಹರಡಿರಲಿ, ಮೊಣಕೈ ಸ್ವಲ್ಪ ಮಡಚಿರಲಿ. ಲೇಸ್ ಗೋಲಿನ ಕಡೆಗಿರಲಿ ಅನ್ನುವವರಿದ್ದಾರೆ. ನನ್ನ ಲೆಕ್ಕದಲ್ಲಿ ಪ್ರತಿ ಸಲವೂ ಒಂದೇ ಥರ ಹಿಡಿಯುವುದು ಅದಕ್ಕಿಂತ ಮುಖ್ಯ. ಒದೆಯುವ ಹೊತ್ತಿಗೆ ಎಡಗೈ ಮೊದಲು ಮೆಲ್ಲಗೆ ಬಿಡಬೇಕು. ಜೋರಾಗಿ ಕಿತ್ತುಕೊಂಡರೆ ಚೆಂಡಿನ ಮೇಲ್ತುದಿ ವಾಲುತ್ತದೆ. ಆಮೇಲೆ ಬಲಗೈ ಮಾತ್ರ ಚೆಂಡನ್ನು ಕೆಳಗೆ ಇಳಿಸುತ್ತದೆ. "ಬೀಳಿಸು" ಅನ್ನಬೇಡಿ, "ಇಳಿಸು" ಅನ್ನಿ, ಮಕ್ಕಳಿಗೆ ಬೇಗ ಹಿಡಿಯುತ್ತದೆ. ಕೈ ಸೊಂಟದ ಹತ್ತಿರ ಬರುವ ತನಕ ಚೆಂಡು ಕೈಯಲ್ಲೇ ಇರಲಿ. ಬೀಳುವ ದೂರ ಕಡಿಮೆಯಾದಷ್ಟೂ ಚೆಂಡು ತಿರುಗುವುದಕ್ಕೆ, ಗಾಳಿ ಅದನ್ನು ಅಲ್ಲಾಡಿಸುವುದಕ್ಕೆ ಅವಕಾಶ ಕಡಿಮೆ. ಮಣಿಕಟ್ಟು ತಿರುಚಬಾರದು. ಕೈಬಿಟ್ಟಾಗ ಚೆಂಡು ಎಷ್ಟು ಓರೆಯಿತ್ತೋ ಪಾದಕ್ಕೆ ತಗಲುವಾಗಲೂ ಅಷ್ಟೇ ಇರಬೇಕು.

ಇದನ್ನು ಮನೆ ಹಿತ್ತಲಲ್ಲೇ ಕಲಿಸಬಹುದು. ಮೊದಲು ಒದೆಯುವುದೇ ಬೇಡ. ಒಂದು ಹೆಜ್ಜೆ ಇಟ್ಟು, ಚೆಂಡು ಇಳಿಸಿ, ಅದು ಬಲಗಾಲಿನ ಮುಂದೆ ನೇರವಾಗಿ ಬಿತ್ತಾ ನೋಡಲಿ. ಆಮೇಲೆ ನೀವು 10 ಮೀಟರ್ ದೂರದಲ್ಲಿ ನಿಂತುಕೊಳ್ಳಿ, ನಿಮ್ಮ ಎದೆಗೆ ಮೆಲ್ಲಗೆ ಒದೆಯಲಿ. ಬಲಗೈ ಒಂದರಲ್ಲೇ ಚೆಂಡು ಹಿಡಿದು ಒದೆಯುವುದೂ ಒಳ್ಳೆಯ ಅಭ್ಯಾಸ, ಯಾಕಂದರೆ ಆ ಕೈಯ ಕೆಲಸ ಅವನಿಗೇ ಗೊತ್ತಾಗುತ್ತದೆ. ಫೋನಿನ ಸ್ಲೋ ಮೋಷನ್‌ನಲ್ಲಿ ಹಿಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ವಿಡಿಯೋ ಮಾಡಿ. ಚೆಂಡು ಕೈ ಬಿಟ್ಟ ಕ್ಷಣ, ಪಾದಕ್ಕೆ ತಗಲಿದ ಕ್ಷಣ, ಈ ಎರಡು ಕಡೆ ನಿಲ್ಲಿಸಿ ಅವನಿಗೆ ತೋರಿಸಿ. ನೀವು ಹತ್ತು ಸಲ ಹೇಳುವುದು ಅವನು ಒಮ್ಮೆ ನೋಡಿದ್ದಕ್ಕೆ ಸಮ ಅಲ್ಲ.

ಕೈ ಸರಿಹೋದ ಮೇಲೆ ಓಟ. ಇಲ್ಲಿ ನಮ್ಮವರಿಗೆ ಸುಲಭ, ಕ್ರಿಕೆಟ್‌ನಲ್ಲಿ ಬೌಲರ್ ರನ್-ಅಪ್ ಅಳೆದು ಗುರುತು ಹಾಕಿಕೊಳ್ಳುವ ಹಾಗೆಯೇ ಇದೂ. ಮಾರ್ಕ್ ಹಿಡಿದ ಜಾಗದಿಂದ ಗೋಲಿನ ನಡುವಿಗೆ ಒಂದು ಗೆರೆ ಇದೆ ಅಂದುಕೊಂಡು, ಅದೇ ಗೆರೆಯಲ್ಲಿ ನೇರ ಹಿಂದಕ್ಕೆ ಹೋಗಬೇಕು. ಎಷ್ಟು ಹೆಜ್ಜೆ ಅನ್ನುವುದು ಅವನಿಗೆ ಬಿಟ್ಟದ್ದು, ಆದರೆ ದಿನಾ ಅಷ್ಟೇ ಹೆಜ್ಜೆ. ಮೊದಲು ನಡಿಗೆ, ಆಮೇಲೆ ಸಣ್ಣ ಓಟ, ಕೊನೆಯಲ್ಲಿ ನಿಧಾನವಾಗಬಾರದು. ನಾರ್ತ್ ಮೆಲ್ಬರ್ನ್ ತಂಡದಲ್ಲಿದ್ದ ಬೆನ್ ಬ್ರೌನ್ ಎಷ್ಟೋ ದೂರದಿಂದ ಓಡಿಬರುತ್ತಿದ್ದ, ಆದರೂ ಗುರಿ ಚೆನ್ನಾಗಿತ್ತು. ಓಟ ಉದ್ದ ಇರಲಿ ಗಿಡ್ಡ ಇರಲಿ, ಗೆರೆ ಬಿಡಬಾರದು.

ನಿಮ್ಮ ಮಗ ಲ್ಯಾನ್ಸ್ ಫ್ರ್ಯಾಂಕ್ಲಿನ್ ವಿಡಿಯೋ ನೋಡಿ ಆ ಬಾಗಿದ ಓಟ ಕಲಿಯಲು ಹೊರಟಿದ್ದರೆ ದಯವಿಟ್ಟು ತಡೆಯಿರಿ. ಎಡಗಾಲಿನ ಫ್ರ್ಯಾಂಕ್ಲಿನ್ ಎಡಕ್ಕೆ ಬಾಗಿ ಓಡಿ, ಅಲ್ಲಿಂದ ಗೋಲಿನ ಕಡೆಗೆ ತಿರುಗಿಸಿ ಒದೆಯುತ್ತಿದ್ದರು. 1066 ಗೋಲು ಹೊಡೆದರು, ನಾನೂ ಅವರ ಅಭಿಮಾನಿಯೇ. ಆದರೆ ಅದು ಅವರ ಮೈಗೆ ಹುಟ್ಟಿನಿಂದ ಬಂದ ದಾರಿ. ಕಲಿಯುವ ಹುಡುಗನಿಗೆ ಟೋನಿ ಲಾಕೆಟ್ ಮಾದರಿಯಾಗಲಿ. ಆತನ ಓಟ ನೇರ, ಸರಳ. 1360 ಗೋಲು, ಆ ದಾಖಲೆ ಇಂದಿಗೂ ಹಾಗೇ ಇದೆ.

ಪಾದದ ಬಗ್ಗೆ ಹೇಳುವುದು ಕಡಿಮೆ. ಬೆರಳು ಮುಂದಕ್ಕೆ ಚಾಚಿರಲಿ, ಪಾದದ ಕೀಲು ಗಟ್ಟಿಯಾಗಿರಲಿ, ಚೆಂಡಿನ ಕೆಳತುದಿಗೆ ಪಾದದ ಮೇಲ್ಭಾಗದ ಗಟ್ಟಿ ಜಾಗ ತಗಲಲಿ. ಒದೆದ ಮೇಲೆ ಪಕ್ಕಕ್ಕೆ ವಾಲದೆ ಗೋಲಿನ ಕಡೆಗೇ ಎರಡು ಹೆಜ್ಜೆ ಮುಂದೆ ಹೋಗಲಿ. ಮೈದಾನದ ಬಿಳಿ ಗೆರೆಯ ಮೇಲೆ ಓಡಿ ಒದೆಯಲು ಹೇಳಿ. ಒದೆದ ಮೇಲೆ ಅವನು ಗೆರೆಯ ಮೇಲೇ ಇದ್ದಾನಾ ಪಕ್ಕಕ್ಕೆ ಬಿದ್ದಿದ್ದಾನಾ ಅಂತ ಕೂಡಲೇ ಗೊತ್ತಾಗುತ್ತದೆ.

ಅಭ್ಯಾಸದಲ್ಲಿ ನನ್ನದು ಒಂದು ಹಠ ಇದೆ. ದೂರದಿಂದ ಶುರುಮಾಡಬೇಡಿ. ಲೆಕ್ಕ ನೋಡಿ: ಗೋಲಿನ ಎದುರು 20 ಮೀಟರ್‌ನಲ್ಲಿ ನಿಂತರೆ ನಡುವಿನಿಂದ ಅತ್ತ 9 ಡಿಗ್ರಿ, ಇತ್ತ 9 ಡಿಗ್ರಿ ತಪ್ಪಿದರೂ ಗೋಲು. 40 ಮೀಟರ್‌ಗೆ ಹೋದರೆ ಅದು ಸುಮಾರು 4.5 ಡಿಗ್ರಿಗೆ ಇಳಿಯುತ್ತದೆ. ಅದೂ ಎದುರಿನಿಂದ. ಪಕ್ಕದ ಕೋನದಿಂದ ಇನ್ನೂ ಕಮ್ಮಿ. ಮಕ್ಕಳು ತರಬೇತಿ ಮುಗಿದ ಕೂಡಲೇ 50 ಮೀಟರ್ ಗೆರೆಗೆ ಓಡಿಹೋಗಿ ಮೈಯೆಲ್ಲಾ ಬಿಗಿಮಾಡಿ ಒದೆಯುತ್ತಾರೆ. ಅಲ್ಲಿ ಕಲಿಯುವುದು ಬರೀ ತಪ್ಪನ್ನೇ. 15 ಮೀಟರ್‌ನಲ್ಲಿ ನಿಲ್ಲಿಸಿ, ಗೋಲಿನ ಒಂದು ಕಂಬಕ್ಕೆ ಗುರಿಯಿಟ್ಟು ಒದೆಯಲು ಹೇಳಿ. ಕಂಬಕ್ಕೆ ಬೀಳದಿದ್ದರೂ ಸರಿ, ಹತ್ತಿರ ಹೋಗುತ್ತಿದೆಯಾ ನೋಡಿ. ಅದು ಸರಿಬಂದ ಮೇಲೆ ಐದೈದು ಮೀಟರ್ ಹಿಂದೆ ಸರಿಯಿರಿ. ಪಂದ್ಯದಲ್ಲೂ ಇದೇ ಗುರಿ: ಗೋಲಿನ ಬಾಯಿಯನ್ನು ನೋಡದೆ ಅದರ ಹಿಂದೆ ಒಂದು ಮರವನ್ನೋ ಬೋರ್ಡಿನ ಒಂದು ಅಕ್ಷರವನ್ನೋ ಆರಿಸಿಕೊಳ್ಳಲಿ.

ಒಂದೇ ಸಲ ರಾಶಿ ಒದೆಯಬೇಡಿ. ಬೆಳೆಯುವ ವಯಸ್ಸು, ತೊಡೆಸಂದು ಮತ್ತು ಸೊಂಟಕ್ಕೆ ಬೇಗ ನೋವಾಗುತ್ತದೆ. ನೋವು ಅಂದ ದಿನ ನಿಲ್ಲಿಸಿ, ಫಿಸಿಯೋಗೆ ತೋರಿಸಿ. ಎರಡು ಒದೆತ, ಒಂದು ಜೋರು ಓಟ, ಮತ್ತೆ ಎರಡು ಒದೆತ, ಹೀಗೆ ಮಾಡಿಸಿ. ಪಂದ್ಯದಲ್ಲಿ ಸೆಟ್ ಶಾಟ್ ಬರುವುದು ಏದುಸಿರು ಬಿಡುತ್ತಿರುವಾಗಲೇ ಅಲ್ವಾ?

ಒತ್ತಡಕ್ಕೆ ಮದ್ದು ಅಂದರೆ ಒಂದು ಕ್ರಮ ಇಟ್ಟುಕೊಳ್ಳುವುದು. ಎಎಫ್‌ಎಲ್‌ನಲ್ಲಿ ಸೆಟ್ ಶಾಟ್‌ಗೆ 30 ಸೆಕೆಂಡ್ ಸಿಗುತ್ತದೆ, ಅದು ಸಾಕಷ್ಟು ಹೊತ್ತು. ಎಸೆಂಡನ್‌ನ ಮ್ಯಾಥ್ಯೂ ಲಾಯ್ಡ್ ಒದೆಯುವ ಮೊದಲು ಪ್ರತಿ ಸಲ ಹುಲ್ಲು ಕಿತ್ತು ಗಾಳಿಗೆ ತೂರುತ್ತಿದ್ದರು. ಚಾವಣಿ ಮುಚ್ಚಿದ ಡಾಕ್‌ಲ್ಯಾಂಡ್ಸ್ ಸ್ಟೇಡಿಯಂನಲ್ಲೂ ಹಾಗೇ ಮಾಡುತ್ತಿದ್ದರು, ಅಲ್ಲಿ ಗಾಳಿ ಎಲ್ಲಿಂದ ಬರಬೇಕು? ಅದು ಮನಸ್ಸನ್ನು ಒಂದು ಕಡೆ ನಿಲ್ಲಿಸುವ ದಾರಿಯಾಗಿತ್ತು ಅಂತ ನನ್ನ ನಂಬಿಕೆ. 926 ಗೋಲು ಹೊಡೆದವರು ಅವರು. ನಿಮ್ಮ ಮಗನಿಗೂ ಏನಾದರೂ ಸಣ್ಣದು ಇರಲಿ: ಹಿಂದೆ ಹೋಗು, ಚೆಂಡು ತೊಡೆಯ ನೇರಕ್ಕೆ ತಾ, ಉಸಿರು ಪೂರ್ತಿ ಬಿಡು, ಗುರಿ ನೋಡು, ನಡೆ. ಹಿತ್ತಲಲ್ಲಿ ಒದೆಯುವಾಗಲೂ ಇದೇ ಕ್ರಮ, ಒಂದೂ ಬಿಡದೆ.

ಕೊನೆಗೆ ನಿಮಗೊಂದು ಮಾತು, ತಪ್ಪು ತಿಳಿಯಬೇಡಿ. ಅವನು ಮಾರ್ಕ್ ಹಿಡಿದು ಹಿಂದೆ ಹೋಗುವಾಗ ಗೆರೆಯಾಚೆಯಿಂದ ಏನೂ ಕೂಗಬೇಡಿ, "ಕೈ ನೋಡು" ಅಂತಲೂ ಬೇಡ. ಆ ಹೊತ್ತಿನಲ್ಲಿ ಬಂದ ಸಲಹೆಯಿಂದ ಸರಿಯಾಗಿ ಒದ್ದ ಹುಡುಗನನ್ನು ನಾನು ನೋಡಿಲ್ಲ. ಕಾರಿನಲ್ಲಿ ವಾಪಸ್ ಬರುವಾಗ ತಪ್ಪಿದ ಗೋಲುಗಳ ಲೆಕ್ಕವೂ ಬೇಡ, ಅದು ಅವನಿಗೆ ಗೊತ್ತೇ ಇರುತ್ತದೆ. ತಂಡದ ಕೋಚ್‌ಗೆ ನೀವು ಏನು ಬದಲಿಸುತ್ತಿದ್ದೀರಿ ಅಂತ ಮೊದಲೇ ಹೇಳಿಡಿ. ಇಲ್ಲದಿದ್ದರೆ ಮನೆಯಲ್ಲಿ ಒಂದು, ಕ್ಲಬ್‌ನಲ್ಲಿ ಇನ್ನೊಂದು ಆಗಿ ಅವನಿಗೆ ಗೊಂದಲವಾಗುತ್ತದೆ. ಕೈ ಕೆಲಸ ಶುರುಮಾಡಿದ ಮೊದಲ ಕೆಲವು ವಾರ ಒದೆತದ ದೂರ ಕಮ್ಮಿಯಾಗಬಹುದು, ಗಾಬರಿಯಾಗಬೇಡಿ. ಅಷ್ಟರಲ್ಲಿ ಹಿಂದಿನಿಂದ ತೆಗೆದ ಒಂದು ವಿಡಿಯೋದಲ್ಲಿ ಸುತ್ತು ನೆಟ್ಟಗಿದೆಯಾ ಓರೆಯಾ ಅಂತ ನೋಡಿ ಇಲ್ಲಿ ಬರೆಯಿರಿ. ನೆಟ್ಟಗಿದ್ದೂ ಬಲಕ್ಕೇ ಹೋಗುತ್ತಿದ್ದರೆ ಓಟ ಮತ್ತು ಸೊಂಟದ ಬಗ್ಗೆ ಇನ್ನಷ್ಟು ವಿವರವಾಗಿ ಹೇಳುತ್ತೇನೆ.