ಹೂವಿನ ಹೆಸರು ಗೊತ್ತಾಯಿತು, ಎಲೆ ತಿನ್ನುವವರದು?

ಓದುಗರ ಪತ್ರ: ಇಂಗ್ಲೆಂಡಿನ ರೆಡಿಂಗ್ ನಗರದಲ್ಲಿ ನೆಲೆಸಿರುವ ಓದುಗರೊಬ್ಬರ ದೀರ್ಘ ಪತ್ರದ ಸಾರ ಇಷ್ಟು. ಹಿತ್ತಿಲಿಗೆ ಚೆನ್ನಾಗಿ ಗೊಬ್ಬರ ಹಾಕಿ ‘ಕಾಡುಹೂಗಳ ಮಿಶ್ರಣ’ ಎಂಬ ಪೊಟ್ಟಣದ ಬೀಜ ಬಿತ್ತಿದರು. ಮೊದಲ ಬೇಸಿಗೆಯಲ್ಲಿ ಕೆಂಪು ಪಾಪಿ, ನೀಲಿ ಕಾರ್ನ್‌ಫ್ಲವರ್ ತುಂಬಿ ಅರಳಿದವು, ಎರಡನೆಯ ವರ್ಷ ಬರೀ ಹುಲ್ಲು. ಪಕ್ಕದ ಮನೆಯವರು ‘ಈ ನೆಲದ ಗಿಡಗಳನ್ನೇ ಬೆಳೆಸಬೇಕು’ ಎಂದದ್ದು, ಹೊರಗಿನಿಂದ ಬಂದು ನೆಲೆಸಿದ ಇವರಿಗೆ ಚುಚ್ಚಿದಂತಾಯಿತು. ಕೆನೆಟ್ ನದಿಯ ದಂಡೆಯಲ್ಲಿ ನಮ್ಮೂರ ಕರ್ಣಕುಂಡಲವನ್ನು ಹೋಲುವ ಗುಲಾಬಿ ಬಣ್ಣದ ಹೂ ಕಂಡು ಹಿಗ್ಗಿದ್ದಾರೆ. ದುಂಬಿಗೆ ಯಾವ ಹೂವಾದರೇನು, ಮೊಬೈಲ್ ಆ್ಯಪ್ ಕ್ಷಣದಲ್ಲಿ ಹೆಸರು ಹೇಳುವಾಗ ಮಸೂರ, ಪುಸ್ತಕ ಹಿಡಿದು ಮಂಡಿಯೂರುವುದೇಕೆ ಎಂಬುದು ಅವರ ಪ್ರಶ್ನೆ.

ಸಂಪಾದಕರ ಉತ್ತರ: ಮೊದಲು ನಿಮ್ಮ ಪರವಾಗಿ ಹೇಳಬೇಕಾದುದನ್ನು ಹೇಳಿ ಮುಗಿಸುತ್ತೇನೆ. ಸ್ಥಳೀಯ ಗಿಡ, ಪರಕೀಯ ಗಿಡ ಎಂಬ ಮಾತನ್ನು ಮನುಷ್ಯರ ಮೇಲೆ ತಿರುಗಿಸುವವರು ಎಲ್ಲ ದೇಶದಲ್ಲೂ ಇದ್ದಾರೆ, ಆ ಮಾತು ನಿಮ್ಮನ್ನು ನೋಯಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಿಮ್ಮ ನೆರೆಯವರು ತಮ್ಮ ನೆಲದ್ದೆಂದು ಅಭಿಮಾನಪಡುವ ಕೆಂಪು ಪಾಪಿಯೂ ಕಾರ್ನ್‌ಫ್ಲವರ್ ಕೂಡ ಹಳೆಯ ಕಾಲದ ಬೇಸಾಯದ ಜೊತೆ ಬಂದ ವಲಸಿಗರೇ ಎಂದು ಅಲ್ಲಿನ ಸಸ್ಯಶಾಸ್ತ್ರಜ್ಞರು ಎಣಿಸುತ್ತಾರೆ. 1500ನೆಯ ಇಸವಿಯನ್ನು ಗಡಿಯಾಗಿಟ್ಟು, ಅದಕ್ಕೂ ಮುಂಚೆ ಬಂದು ನೆಲೆಯೂರಿದವುಗಳಿಗೆ ಅವರು ಬೇರೆಯದೇ ಪಟ್ಟಿ ಮಾಡಿದ್ದಾರೆ. ಮಕರಂದದ ಮಟ್ಟಿಗೆ ದುಂಬಿಗೆ ಕುಲಗೋತ್ರದ ಹಂಗಿಲ್ಲ ಎಂಬುದೂ ಬಹುಪಾಲು ನಿಜ.

ಆದರೆ ದುಂಬಿಯನ್ನು ಮುಂದಿಟ್ಟು ನೀವು ಬಹಳ ಸುಲಭವಾದ ಸಾಕ್ಷಿಯನ್ನು ಕರೆದಿರಿ. ಹೂವಿಗೆ ಬಂದು ಕುಡಿದು ಹೋಗುವವರನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಎಲೆಯ ಮೇಲೆ ಹುಟ್ಟಿ ಎಲೆಯನ್ನೇ ತಿಂದು ಬೆಳೆಯುವವರನ್ನು ಬಿಟ್ಟುಬಿಟ್ಟಿರಿ. ಕರಿಬೇವಿನ ಗಿಡದ ಮೇಲೆ ಹಕ್ಕಿಯ ಹಿಕ್ಕೆಯಂತೆ ಅಂಟಿಕೊಂಡಿರುವ ಮರಿಹುಳುವನ್ನು ಊರಿನಲ್ಲಿ ನೀವು ಖಂಡಿತ ನೋಡಿರುತ್ತೀರಿ. ಅದಕ್ಕೆ ಪಕ್ಕದ ದಾಸವಾಳದ ಎಲೆ ಕೊಟ್ಟರೆ ಹಸಿದು ಸಾಯುತ್ತದೆಯೇ ಹೊರತು ಬಾಯಿ ಹಾಕುವುದಿಲ್ಲ. ಬ್ರಿಟನ್ನಿನಲ್ಲೂ ಇದೇ ಕಥೆ. ದಕ್ಷಿಣ ಇಂಗ್ಲೆಂಡಿನ ಸೀಮೆಸುಣ್ಣದ ಗುಡ್ಡಗಳ ಮೇಲೆ ಹಾರುವ ಅಡೋನಿಸ್ ಬ್ಲೂ ಎಂಬ ಕಡುನೀಲಿ ಚಿಟ್ಟೆಯ ಮರಿಗೆ ಹಾರ್ಸ್‌ಶೂ ವೆಚ್ ಎಂಬ ಒಂದೇ ಗಿಡ ಆಹಾರ. ಚಾಕ್‌ಹಿಲ್ ಬ್ಲೂ ಚಿಟ್ಟೆಗೂ ಅಷ್ಟೇ. ಆ ಗಿಡವಿಲ್ಲದ ಗುಡ್ಡದ ತುಂಬ ನೀವು ಪೊಟ್ಟಣದ ಹೂ ಅರಳಿಸಿದರೂ ಅವು ಅಲ್ಲಿ ಸಂಸಾರ ಹೂಡುವುದಿಲ್ಲ.

ಈಗ ನಿಮ್ಮ ಆ್ಯಪ್‌ನ ವಿಚಾರ. ಈ ಹಾರ್ಸ್‌ಶೂ ವೆಚ್‌ನ ಜೊತೆಯಲ್ಲೇ ಬರ್ಡ್ಸ್‌ಫುಟ್ ಟ್ರೆಫಾಯಿಲ್ ಎಂಬ ಇನ್ನೊಂದು ಗಿಡ ಬೆಳೆಯುತ್ತದೆ. ಎರಡೂ ನೆಲಕ್ಕೆ ಹತ್ತಿದಂತೆ ಹಬ್ಬುತ್ತವೆ, ಎರಡರದೂ ಅವರೆ ಹೂವಿನ ಆಕಾರದ ಹಳದಿ ಹೂಗೊಂಚಲು. ಮೇಲಿನಿಂದ ಹೂವನ್ನಷ್ಟೇ ಕ್ಲಿಕ್ಕಿಸಿದರೆ ಯಂತ್ರ ಯಾವ ಹೆಸರನ್ನಾದರೂ ಹೇಳಬಹುದು. ಮಂಡಿಯೂರಿ ಎಲೆಯನ್ನು ನೋಡಿ. ಟ್ರೆಫಾಯಿಲ್‌ನಲ್ಲಿ ಐದು ಕಿರುಎಲೆಗಳು: ಮೂರು ತುದಿಯಲ್ಲಿ, ಎರಡು ತೊಟ್ಟಿನ ಬುಡದಲ್ಲಿ ಕಾಂಡಕ್ಕೆ ಒತ್ತಿಕೊಂಡು. ವೆಚ್‌ನಲ್ಲಿ ಹುಣಸೆ ಎಲೆಯ ಹಾಗೆ ಜೋಡಿ ಜೋಡಿಯಾಗಿ ಸಾಲುಗಟ್ಟಿ, ತುದಿಗೊಂದು ಒಂಟಿ. ಕಾಯಿ ಕಟ್ಟಿದ ಮೇಲಂತೂ ಅನುಮಾನವೇ ಇಲ್ಲ. ವೆಚ್‌ನ ಕಾಯಿ ಸಣ್ಣ ಸಣ್ಣ ಕುದುರೆ ಲಾಳಗಳನ್ನು ಒಂದಕ್ಕೊಂದು ಪೋಣಿಸಿದಂತಿರುತ್ತದೆ. ಟ್ರೆಫಾಯಿಲ್ ಏನೂ ಕಡಿಮೆಯದಲ್ಲ, ಕಾಮನ್ ಬ್ಲೂ ಚಿಟ್ಟೆಯ ಮರಿಯೂ ಕೆಂಪು ಚುಕ್ಕೆಯ ಬರ್ನೆಟ್ ಪತಂಗದ ಮರಿಯೂ ಬೆಳೆಯುವುದು ಅದರ ಮೇಲೆ. ಆದರೆ ಅಡೋನಿಸ್‌ಗೆ ಅದು ಉಪಯೋಗಕ್ಕೆ ಬಾರದು. ಬ್ಲೂಬೆಲ್ ಎಂಬ ನೀಲಿ ಹೂವಿನ ಕಥೆ ಇನ್ನೂ ಸೂಕ್ಷ್ಮ. ಬ್ರಿಟನ್ನಿನ ಸ್ವಂತ ಬ್ಲೂಬೆಲ್ ಒಂದೇ ಕಡೆಗೆ ಬಾಗಿ ತೂಗುತ್ತದೆ, ಪರಾಗ ಕೆನೆಬಣ್ಣ, ಪರಿಮಳವಿದೆ. ತೋಟದಿಂದ ತಪ್ಪಿಸಿಕೊಂಡ ಸ್ಪೇನ್‌ನ ಬ್ಲೂಬೆಲ್ ನೆಟ್ಟಗೆ ನಿಲ್ಲುತ್ತದೆ, ಹೂ ಸುತ್ತಲೂ ಇರುತ್ತದೆ, ಪರಾಗಕ್ಕೆ ನೀಲಿ ಛಾಯೆ, ಪರಿಮಳ ಇಲ್ಲವೆನ್ನುವಷ್ಟು ಕಡಿಮೆ. ಎರಡರ ಬೆರಕೆಯೂ ಧಾರಾಳವಾಗಿದೆ. ಮೊಬೈಲಿಗೆ ಕಣ್ಣಿದೆ, ಮೂಗಿಲ್ಲ. ಹೊಸಬರಿಗೆ ಅದು ಹತ್ತಿರದವರೆಗೆ ದಾರಿ ತೋರಿಸುತ್ತದೆ ಎಂಬುದನ್ನು ಒಪ್ಪುತ್ತೇನೆ. ಉಳಿದ ದಾರಿಗೆ ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರವೊಂದನ್ನು ಕೊಳ್ಳಿ.

ಏಪ್ರಿಲ್, ಮೇ ತಿಂಗಳಲ್ಲಿ ತೇವದ ಹುಲ್ಲುಗಾವಲಿನಲ್ಲೂ ರಸ್ತೆಬದಿಯಲ್ಲೂ ಕಕ್ಕೂಫ್ಲವರ್ ಎಂಬ ತೆಳುನೇರಳೆ ಹೂ ಬಿಡುತ್ತದೆ. ಅದರ ಹೂತೊಟ್ಟನ್ನು ಮಸೂರದಲ್ಲಿ ನೋಡಿದರೆ, ಅದೃಷ್ಟವಿದ್ದರೆ, ಕಿತ್ತಳೆ ಬಣ್ಣದ ಒಂದೇ ಒಂದು ಮೊಟ್ಟೆ ನಿಂತಿರುವುದು ಕಾಣುತ್ತದೆ. ಅದು ಆರೆಂಜ್ ಟಿಪ್ ಚಿಟ್ಟೆಯದು. ಒಂದು ಗೊಂಚಲಿಗೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಏಕೆಂದರೆ ಎರಡು ಮರಿಗಳು ಎದುರಾದರೆ ಒಂದನ್ನೊಂದು ತಿನ್ನುತ್ತವೆ. ಆ ಮರಿ ಎಳೆಯ ಕಾಯಿಗಳನ್ನು ತಿಂದು ವಾರಗಟ್ಟಲೆ ಅಲ್ಲೇ ಬೆಳೆಯಬೇಕು. ಅಷ್ಟರಲ್ಲಿ ಹುಲ್ಲು ಅಂಕೆ ಮೀರಿದೆಯೆಂದು ಯಾರಾದರೂ ಯಂತ್ರ ಓಡಿಸಿದರೆ ಆ ವರ್ಷದ ಸಂತತಿ ಕೊಯ್ದ ಹುಲ್ಲಿನ ಜೊತೆ ಹೋಯಿತು.

ಹೀಗೆಂದರೆ ಸುತ್ತ ಬೇಲಿ ಹಾಕಿ ಬಿಟ್ಟುಬಿಡಬೇಕೆಂದೂ ತಿಳಿಯಬೇಡಿ. ಲಾರ್ಜ್ ಬ್ಲೂ ಎಂಬ ಚಿಟ್ಟೆಯ ವಿಚಾರದಲ್ಲಿ ಬ್ರಿಟನ್ ಕಲಿತ ಪಾಠ ಅದು. ಅದರ ಮರಿ ಮೊದಲ ಕೆಲವು ವಾರ ಕಾಡು ಥೈಮ್ ಎಂಬ ಗಿಡದ ಹೂ ತಿಂದು ಕೆಳಗೆ ಬೀಳುತ್ತದೆ, ಕೆಂಪಿರುವೆಗಳು ಅದನ್ನು ತಮ್ಮದೇ ಮರಿಯೆಂದು ಗೂಡಿಗೆ ಹೊತ್ತೊಯ್ಯುತ್ತವೆ, ಅದು ಅಲ್ಲಿ ತಿಂಗಳುಗಟ್ಟಲೆ ಇರುವೆಯ ಮರಿಗಳನ್ನೇ ತಿಂದು ಕೊಬ್ಬುತ್ತದೆ. ಚಿಟ್ಟೆ ಕಡಿಮೆಯಾದಾಗ ಎಲ್ಲರೂ ಸಂಗ್ರಹಕಾರರನ್ನು ಬೈದರು. ಥೈಮ್ ಇದ್ದೂ ಚಿಟ್ಟೆ ಹೋಗುತ್ತಿರುವುದೇಕೆಂದು ಜೆರೆಮಿ ಥಾಮಸ್ ಎಂಬ ವಿಜ್ಞಾನಿ ವರ್ಷಗಟ್ಟಲೆ ನೆಲದ ಮೇಲೆ ಕುಳಿತು ನೋಡಿದ ಮೇಲೆ ಗುಟ್ಟು ಬಯಲಾಯಿತು. ಸಾಕಬಲ್ಲ ಇರುವೆ ಒಂದೇ ಜಾತಿಯದು, ಅದಕ್ಕೆ ಬಿಸಿಲು ತಾಗುವ ಗಿಡ್ಡ ಹುಲ್ಲು ಬೇಕು. ದನಕುರಿ ಮೇಯುವುದು ನಿಂತು, 1950ರ ದಶಕದಲ್ಲಿ ರೋಗ ಬಂದು ಮೊಲಗಳೂ ಸತ್ತ ಮೇಲೆ ಹುಲ್ಲು ಎತ್ತರವಾಗಿ ನೆಲ ತಣ್ಣಗಾಗಿತ್ತು. ಕಾರಣ ತಿಳಿಯುವ ಹೊತ್ತಿಗೆ ತಡವಾಗಿತ್ತು; 1979ರಲ್ಲಿ ಚಿಟ್ಟೆ ಬ್ರಿಟನ್ನಿನಿಂದ ಅಳಿಯಿತು. 1983ರಿಂದ ಸ್ವೀಡನ್ನಿನ ಮರಿಗಳನ್ನು ತಂದು, ಮೇಯಿಸುವುದನ್ನು ಸರಿಪಡಿಸಿ, ಮತ್ತೆ ನೆಲೆಗೊಳಿಸಿದರು. ನೋಡಿ, ಅವು ಸ್ವೀಡನ್ನಿನಿಂದ ಬಂದವೆಂದು ಯಾರೂ ಮುಖ ತಿರುಗಿಸಲಿಲ್ಲ.

ನದಿದಂಡೆಯ ನಿಮ್ಮ ಕರ್ಣಕುಂಡಲದ ಬಗ್ಗೆ ಬರೆಯಲು ಸ್ವಲ್ಪ ಸಂಕೋಚ. ಅದು ಹಿಮಾಲಯದ ಬಾಲ್ಸಮ್, ನಮ್ಮ ಕರ್ಣಕುಂಡಲಕ್ಕೆ ದಾಯಾದಿ. 1839ರಲ್ಲಿ ಅಲಂಕಾರಕ್ಕೆಂದು ತರಿಸಿಕೊಂಡದ್ದು, ಕಾಯಿ ಸಿಡಿದು ಬೀಜ ನೀರಿನಲ್ಲಿ ತೇಲಿ ದಂಡೆಯನ್ನೆಲ್ಲ ಆವರಿಸಿತು. ದುಂಬಿಗಳಿಗೆ ಪ್ರಿಯವೇ, ಒಂದು ಜಾತಿಯ ಪತಂಗದ ಮರಿ ಅದರ ಎಲೆಯನ್ನೂ ತಿನ್ನುತ್ತದೆ. ಆದರೆ ಅದರ ನೆರಳಿನಲ್ಲಿ ಮಿಕ್ಕ ಗಿಡಗಳು ಸೊರಗುತ್ತವೆ, ಚಳಿಗಾಲಕ್ಕೆ ಅದೂ ಸತ್ತು ದಂಡೆ ಬೋಳಾಗಿ ಮಣ್ಣು ಕುಸಿಯುತ್ತದೆ. ಲಂಟಾನ ಬಂಡೀಪುರದಲ್ಲಿ ಮಾಡಿದ್ದನ್ನು ಬಲ್ಲ ನಾವು ಇದನ್ನು ತಿಳಿಯಲು ಕಷ್ಟಪಡಬೇಕಿಲ್ಲ.

ನನ್ನ ಅಸಮಾಧಾನ ನಿಮ್ಮೊಬ್ಬರ ಮೇಲಲ್ಲ. ಈ ಪತ್ರಿಕೆಗೆ ಬರುವ ಚಿತ್ರಗಳಲ್ಲಿ ಚಿಟ್ಟೆಗೆ ಬರವಿಲ್ಲ; ರೆಕ್ಕೆ ಬಿಚ್ಚಿ ಕುಳಿತ ಚಿಟ್ಟೆ, ಹಿಂದೆ ಮಸುಕಾದ ಹಸಿರು. ಆ ಹಸಿರು ಯಾವ ಗಿಡ ಎಂದು ಕೇಳಿ ಬರೆದರೆ ಉತ್ತರ ಬರುವುದಿಲ್ಲ. ಹೂತೋಟದ ಅಂಕಣಕ್ಕೆ ಬರುವ ಪತ್ರಗಳೋ, ಬಹಳಷ್ಟು ಹುಳು ಹೋಗಲಾಡಿಸಲು ಏನು ಸಿಂಪಡಿಸಬೇಕೆಂದು ಕೇಳುವಂಥವು. ಚಿಟ್ಟೆ ಬೇಕು, ಹುಳು ಬೇಡ! ಶಾಲೆಯಲ್ಲೂ ಹೂವಿನ ಭಾಗಗಳ ಚಿತ್ರ ಬರೆಸಿ ಅಂಕ ಕೊಡುತ್ತಾರೆ, ಕಾಂಪೌಂಡಿನ ಹೊರಗೆ ಬೆಳೆದ ತುಂಬೆಯ ಹತ್ತಿರ ಕರೆದೊಯ್ಯುವುದಿಲ್ಲ. ಕಮ್ಮಾರನ ಮಗ, ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಜಾನ್ ರೇ 1660ರಲ್ಲಿ ಕೇಂಬ್ರಿಡ್ಜ್ ಸುತ್ತಲಿನ ಗಿಡಗಳ ಪಟ್ಟಿಯನ್ನು ನಡೆದಾಡಿಯೇ ಸಿದ್ಧಪಡಿಸಿದ; ಮುಪ್ಪಿನಲ್ಲಿ ನಡೆಯಲಾಗದಿದ್ದಾಗ ಹೆಣ್ಣುಮಕ್ಕಳು ಮರಿಹುಳುಗಳನ್ನು ಆಯ್ದು ತಂದುಕೊಡುತ್ತಿದ್ದರು. ಗಿಡ ಬಲ್ಲವನು ಹುಳುವಿನ ಕಡೆಗೆ ತಿರುಗಿದ್ದು ನನಗೆ ಬಹಳ ಸಹಜವಾಗಿ ಕಾಣುತ್ತದೆ.

ಇನ್ನು ನಿಮ್ಮ ಹಿತ್ತಿಲು. ಪೊಟ್ಟಣದಲ್ಲಿದ್ದವು ಹೊಲದ ಕಳೆಗಳು, ಪ್ರತಿವರ್ಷ ಉತ್ತ ಮಣ್ಣು ಸಿಕ್ಕರೆ ಮಾತ್ರ ಮೊಳೆಯುವಂಥವು. ಹುಲ್ಲು ಮುಚ್ಚಿದ ಮೇಲೆ ಏಳಲಾರವು. ಗೊಬ್ಬರ ಹಾಕಿದ್ದು ಇನ್ನೂ ತಪ್ಪು. ಕಾಡುಹೂಗಳಿಗೆ ಬಡ ಮಣ್ಣೇ ಬೇಕು, ಸಾರ ಹೆಚ್ಚಿದರೆ ಗೆಲ್ಲುವುದು ಹುಲ್ಲು. ಇಂಗ್ಲೆಂಡ್ ಮತ್ತು ವೇಲ್ಸ್‌ನ ತಗ್ಗುನಾಡಿನ ಹಳೆಯ ಹೂಗಾವಲುಗಳಲ್ಲಿ ಶೇ. 97ರಷ್ಟು 1930 ಮತ್ತು 1980ರ ದಶಕಗಳ ನಡುವೆ ಹೋದದ್ದು ನೇಗಿಲು, ಗೊಬ್ಬರಗಳಿಂದಲೇ. ಈ ಬಾರಿ ಹುಲ್ಲನ್ನು ಗಿಡ್ಡವಾಗಿ ಕೊಯ್ದು, ಅಲ್ಲಲ್ಲಿ ಮಣ್ಣು ಕಾಣುವಂತೆ ಕೆರೆದು, ಶರತ್ಕಾಲದಲ್ಲಿ ಯೆಲ್ಲೋ ರ್‍ಯಾಟಲ್ ಎಂಬ ಗಿಡದ ಬೀಜ ಉದುರಿಸಿ. ಅದು ಹುಲ್ಲಿನ ಬೇರಿಗೆ ಕಚ್ಚಿಕೊಂಡು ಅದರ ಸಾರ ಹೀರಿ, ಮಿಕ್ಕ ಹೂಗಳಿಗೆ ಜಾಗ ಮಾಡಿಕೊಡುತ್ತದೆ. ಬೀಜ ಅದೇ ವರ್ಷದ್ದಾಗಿರಲಿ, ಹಳೆಯದು ಮೊಳೆಯುವುದಿಲ್ಲ. ಚಳಿಗಾಲದ ಕೊರೆತವೂ ಅದಕ್ಕೆ ಬೇಕು, ಆದ್ದರಿಂದ ವಸಂತದವರೆಗೆ ಕಾದು ಬಿತ್ತಬೇಡಿ. ಮುಂದಿನ ಬೇಸಿಗೆಯಲ್ಲಿ ಕಾಯಿ ಒಣಗಿ ಗಲಗಲ ಸದ್ದು ಮಾಡುವವರೆಗೆ ಯಂತ್ರ ಹೊರಗೆ ತೆಗೆಯಬೇಡಿ, ಕೊಯ್ದ ಹುಲ್ಲನ್ನು ಅಲ್ಲೇ ಕೊಳೆಯಲು ಬಿಡಬೇಡಿ.